ಫೂಟಿಗೆ ಎಂಟು ರೂಪಾಯಿ

ಹೋದ ವರ್ಷ ದೀಪಾವಳಿ ಮುಗಿದ ಮರುವಾರ ನನ್ನ ತಮ್ಮನ ಮಗ ಔರಾದದಿಂದ ಬಂದ. ಕೈಚೀಲದಲ್ಲಿ ಹೊಲದ ಹೆಸರುಬೇಳೆ ತಂದಿದ್ದ. ನೀರು ಕುಡಿದು, ಚಹಾ ಕುಡಿದು, ಆಮೇಲೆ ಮಾತು ತೆಗೆದ. "ಆತ್ಯಾ, ಬೀದರದಾಗ ಒಂದು ಪ್ಲಾಟ್ ನೋಡಬೇಕಾಗ್ಯಾದ. ಯಾವ ಕಡಿ ತಗೊಂಡ್ರ ಸೋವಿ ಆಗ್ತದ, ನೀವೇ ಹೇಳ್ರಿ." ಸೋವಿ ಎಂಬ ಮಾತು ಕೇಳಿ ಬಹಳ ದಿನವಾಗಿತ್ತು. ಈಗ ಎಲ್ಲರೂ ಬಜೆಟ್ ಅನ್ನುತ್ತಾರೆ. ನಲವತ್ತು ವರ್ಷದ ಹಿಂದೆ ನಾನೂ ನಮ್ಮನೆಯವರೂ ಇದೇ ಮಾತನ್ನು ಬಾಯಲ್ಲಿಟ್ಟುಕೊಂಡು, ಒಂದೇ ಸೈಕಲ್ಲಿನ ಮೇಲೆ, ಬೀದರದ ಸುತ್ತ ತಿರುಗಿದ್ದೆವು.

ಆಗ ನಾವು ಹಳೆ ಊರಿನೊಳಗೆ, ಚೌಬಾರದ ಹತ್ತಿರದ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಅದು 1984. ತಿಂಗಳಿಗೆ 90 ರೂಪಾಯಿ. ದೊಡ್ಡ ದೇವಡಿಯೊಂದನ್ನು ನಾಲ್ಕು ಪಾಲು ಮಾಡಿ ನಾಲ್ಕು ಸಂಸಾರಗಳಿಗೆ ಕೊಟ್ಟಿದ್ದರು. ನಮ್ಮ ಪಾಲಿಗೆ ಒಂದು ಕೋಣೆ, ಅರ್ಧ ಪಡಸಾಲೆ, ಗೋಡೆಯೊಳಗಿನ ಮೂರು ಮಾಡ. ಒಂದು ಮಾಡದಲ್ಲಿ ದೇವರು, ಒಂದರಲ್ಲಿ ಚಿಮಣಿ, ಒಂದರಲ್ಲಿ ಮಕ್ಕಳ ಪಾಟಿ ಪುಸ್ತಕ. ಗೋಡೆ ಎಷ್ಟು ದಪ್ಪವಿತ್ತೆಂದರೆ ಬೇಸಗೆಯ ಮಧ್ಯಾಹ್ನ ಬೆನ್ನು ತಾಗಿಸಿ ಕುಳಿತರೆ ತಂಪು ಹತ್ತುತ್ತಿತ್ತು. ಹಿಂದಿನ ಸಂದಿಯಲ್ಲಿ ಬಿದರಿ ಕೆಲಸದವರಿದ್ದರು. ಸತುವು ತಾಮ್ರ ಕರಗಿಸಿ ಎರೆದ ಹೂಜಿಗೆ ಬೆಳ್ಳಿ ತಂತಿ ಕೂಡಿಸಿ, ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಕಪ್ಪು ಬರಿಸುತ್ತಿದ್ದರು. ಆ ಖಾರವಾದ ವಾಸನೆ ಬಂತೆಂದರೆ ನಾನು ಒಣಗಲು ಹಾಕಿದ ಕೌದಿಯನ್ನು ಒಳಗೆ ತರುತ್ತಿದ್ದೆ.

ದೇವಡಿಯ ಅಂಗಳದಲ್ಲಿ ಒಂದು ಸೇದೋ ಬಾವಿ. ಗಡಗಡಿ ಒಂದು, ಹಗ್ಗ ನಾಲ್ಕು. ಪ್ರತಿ ಮನೆಯವರೂ ತಮ್ಮ ಹಗ್ಗವನ್ನು ಗೂಟಕ್ಕೆ ಸುತ್ತಿ ಇಡುತ್ತಿದ್ದರು. ನನ್ನ ಪಾಳಿ ಬೆಳಗಿನ ಐದೂವರೆಗೆ. ಹನ್ನೆರಡು ಕೊಡ ಸೇದಿ, ಹಂಡೆ ತುಂಬಿ, ರೊಟ್ಟಿ ಬಡಿದು, ಹತ್ತಕ್ಕೆ ಪ್ರಾಥಮಿಕ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ನಮ್ಮನೆಯವರು ಗುಮಾಸ್ತರು. ಇಬ್ಬರ ಪಗಾರ ಸೇರಿ ಸಾವಿರದ ನಾನೂರರ ಆಸುಪಾಸು. ಮೂರನೆಯ ಮಗು ಹುಟ್ಟಿದ ವರ್ಷ ಮಾಲೀಕರು ಬಾಡಿಗೆ 125 ಅಂದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ, ಅವರ ಮಕ್ಕಳೂ ದೊಡ್ಡವರಾಗುತ್ತಿದ್ದರು. ಆದರೆ ಆ ರಾತ್ರಿ ನಾನು ಸಂದೂಕದ ಮೇಲೆ ಕುಳಿತು ಲೆಕ್ಕ ಹಾಕಿ, ಬಾಡಿಗೆಗೆ ಹೋಗುವ ದುಡ್ಡಿನಲ್ಲಿ ಹತ್ತು ವರ್ಷಕ್ಕೆ ಒಂದು ಮನೆ ಏಳುತ್ತದೆ ಎಂದು ಹೇಳಿದೆ. ಸಿಮೆಂಟಿನ ರೇಟು ಗೊತ್ತಿಲ್ಲದವಳು ಹಾಕಿದ ಲೆಕ್ಕ ಅದು. ಆದರೂ ಅವರು ನಂಬಿದರು.

ಭಾಲ್ಕಿಯಲ್ಲಿದ್ದ ನಮ್ಮ ಅತ್ತೆಗೆ ಈ ವಿಚಾರ ಸೇರಲಿಲ್ಲ. "ಭಾಲ್ಕ್ಯಾಗ ಮನಿ ಇರ್ಲಾಕ ಬೀದರದಾಗ ಮಣ್ಣ ಯಾಕ ಕೊಳ್ತೀರಿ? ರೈಲ್ ಅದ, ಮುಂಜಾನಿ ಹೋಗ್ರಿ, ಸಂಜಿಕ ಬರ್ರಿ" ಅಂದರು. ಅವರ ಮಾತಿನಲ್ಲಿ ಹುರುಳಿತ್ತು. ನಿಜಾಮರ ಕಾಲದಲ್ಲಿ ಬಂದ ರೈಲು ವಿಕಾರಾಬಾದಿನಿಂದ ಬೀದರ, ಭಾಲ್ಕಿ ಹಾದು ಪರಳಿಯ ಕಡೆಗೆ ಹೋಗುತ್ತಿತ್ತು. ಭಾಲ್ಕಿಯ ಮನೆಯನ್ನು ಮಾವನವರು ಹಾಲಿ ಏಳುನೂರು ರೂಪಾಯಿಗೆ ಕೊಂಡಿದ್ದರಂತೆ. ನಿಮಗೆ ಹಾಲಿ ಸಿಕ್ಕಾ ಗೊತ್ತಿರಲಿಕ್ಕಿಲ್ಲ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು. ಅದರ ಏಳು ರೂಪಾಯಿ ಕೊಟ್ಟರೆ ಹೊರಗಿನ, ಅಂದರೆ ಕಲದಾರ, ಆರು ರೂಪಾಯಿ ಬರುತ್ತಿತ್ತು. 1948ರ ಪೊಲೀಸ್ ಕಾರ್ಯಾಚರಣೆ ಆದ ಮೇಲೂ ಹಲವು ವರ್ಷ, 1959ರವರೆಗೆ, ಅದು ಚಲಾವಣೆಯಲ್ಲಿತ್ತು. ಅತ್ತಿ ಕೊನೆಯವರೆಗೂ ದೊಡ್ಡ ಬೆಲೆ ಕೇಳಿದಾಗಲೆಲ್ಲ "ಹಾಲೀನೋ, ಕಲದಾರೋ?" ಎಂದು ಕೇಳುತ್ತಿದ್ದರು. ರೈಲಿನ ವಿಚಾರಕ್ಕೆ ನಾನು ಒಪ್ಪಲಿಲ್ಲ. ಎದೆಹಾಲಿನ ಕೂಸು ಬಿಟ್ಟು ರೈಲಿನ ಹೊತ್ತಿಗೆ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ.

ಆ ಚಳಿಗಾಲದ ಪ್ರತಿ ಭಾನುವಾರ ಹೊರಟೆವು. ಸೈಕಲ್ಲಿನ ಮುಂದಿನ ದಂಡದ ಮೇಲೆ ದೊಡ್ಡ ಮಗ, ಹಿಂದೆ ನಾನು. ಚಿದ್ರಿಯ ಕಡೆ ಮೊದಲು ಹೋದೆವು. ಅಲ್ಲಿ ಫೂಟಿಗೆ ಐದು ರೂಪಾಯಿ ಇತ್ತು, ಅಷ್ಟು ಅಗ್ಗ ಇನ್ನೆಲ್ಲೂ ಕಾಣಲಿಲ್ಲ. ಚೀಟಿಯಲ್ಲಿ ಬರೆದುಕೊಳ್ಳುತ್ತಿರುವಾಗಲೇ ವಾಯುಸೇನೆಯ ತರಬೇತಿ ವಿಮಾನ ತಲೆಯ ಮೇಲೆ ಹಾದುಹೋಯಿತು. ಮಗ ನನ್ನ ಸೆರಗಿನೊಳಗೆ ತಲೆ ತೂರಿಸಿದ. ಬೀದರದವರಿಗೆ ಆ ಸದ್ದು 1960ರ ದಶಕದಿಂದಲೇ ರೂಢಿ. 1996ರಲ್ಲಿ ಸೂರ್ಯಕಿರಣ ತಂಡ ಕಟ್ಟಿದ್ದೂ ಇಲ್ಲಿಯೇ. ಅದೇ ಮಗ ಮುಂದೆ ಮಾಳಿಗೆ ಹತ್ತಿ ಅವರ ಕಸರತ್ತು ನೋಡುತ್ತಾ ಊಟ ಮರೆಯುತ್ತಿದ್ದ. ಅವತ್ತು ಮಾತ್ರ ಐದು ರೂಪಾಯಿಯ ಚೀಟಿ ಹರಿದು ಹಾಕಿದೆವು.

ಮೈಲೂರಿನ ಕಡೆ ಇಂಜಿನಿಯರಿಂಗ್ ಕಾಲೇಜು 1980ರಲ್ಲಿ ಬಂದ ಮೇಲೆ ಅಲ್ಲಿ ಪ್ಲಾಟು ಕೇಳುವವರು ಹೆಚ್ಚಾಗಿದ್ದರು. ಹನ್ನೆರಡು, ಹದಿಮೂರು ಅನ್ನುತ್ತಿದ್ದರು. ನಮ್ಮ ಕೈಗೆ ಎಟುಕುವ ಮಾತಲ್ಲ. ಕೋಟೆಯ ದರವಾಜಾಗಳ ಒಳಗೆ ಪ್ಲಾಟೇ ಇರಲಿಲ್ಲ, ಪಾಲು ಇತ್ತು. ಅಣ್ಣ ತಮ್ಮಂದಿರ ಜಗಳದ ಪಾಲು ಕೊಂಡವರು ಮನೆಯ ಜೊತೆ ಕೋರ್ಟಿನ ಮೆಟ್ಟಿಲನ್ನೂ ಕೊಂಡ ಹಾಗೆ ಎಂದು ನಮ್ಮನೆಯವರು ಅಂದರು.

ನೌಬಾದಿಗೆ ಕರೆದುಕೊಂಡು ಹೋದವರು ಒಬ್ಬ ದಲಾಲ ಚಾಚಾ. ಬಿಳಿ ಗಡ್ಡ, ಕಂಕುಳಲ್ಲಿ ಛತ್ರಿ, ಜೇಬಿನಲ್ಲಿ ಅಡಕೆಯ ಡಬ್ಬಿ. ಮೂವತ್ತು ನಲವತ್ತರ ಪ್ಲಾಟು, ಫೂಟಿಗೆ ಎಂಟು ರೂಪಾಯಿ, ಒಟ್ಟು 9,600. ಸುತ್ತ ತೊಗರಿ ಹೊಲ. ನಾಲ್ಕು ಮೂಲೆಗೆ ಸುಣ್ಣ ಬಳಿದ ನಾಲ್ಕು ಕಲ್ಲು. ರಸ್ತೆ ಎಂದು ಚಾಚಾ ತೋರಿಸಿದ ಜಾಗದಲ್ಲಿ ಒಂದು ಎಮ್ಮೆ ಮಲಗಿತ್ತು. ನಾನು ಕೇಳಿದ್ದು ಒಂದೇ, ನೀರು. ಚಾಚಾ ಛತ್ರಿ ಚಾಚಿ ಹೊಲದ ಆಚೆಯ ಬಾವಿ ತೋರಿಸಿದರು. "ಪಾನಿ ಮೀಠಾ ಹೈ ಬೇಟಿ, ಪೀಕೆ ದೇಖೋ" ಅಂದರು. ನಾನು ಕುಡಿದು ನೋಡಿದ್ದಷ್ಟೇ ಅಲ್ಲ, ಹತ್ತಿರದ ಮನೆಯಿಂದ ಕೊಡ ಬೇಡಿ ತಂದು, ನೀರು ತುಂಬಿ, ಸೊಂಟದ ಮೇಲೆ ಇಟ್ಟುಕೊಂಡು ಬಾವಿಯಿಂದ ಪ್ಲಾಟಿನವರೆಗೆ ನಡೆದೆ. ಇನ್ನೂರ ಹನ್ನೆರಡು ಹೆಜ್ಜೆ. ಎಣಿಸುತ್ತಾ ನಡೆದ ಆ ಹುಡುಗಿ ಈಗ ನೆನಪಾದರೆ ನಗು ಬರುತ್ತದೆ. ಮನೆ ಕಟ್ಟುವ ಮೊದಲೇ ಇಲ್ಲದ ಹಂಡೆಗೆ ನೀರು ಹೊರುತ್ತಿದ್ದಳು.

ಆ ನೀರಿನ ಗುಟ್ಟು ನನಗೆ ತಿಳಿಸಿದವರು ಅತ್ತಿ. ಅವರು ಭಾಲ್ಕಿಯಿಂದ ಬಂದು ಪ್ಲಾಟು ನೋಡಿದರು. ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜಿ, ಕೆಂಪು ಹಿಡಿದದ್ದನ್ನು ಸೆರಗಿಗೆ ಒರೆಸಿಕೊಂಡು, "ಈ ಕೆಂಪ್ ಕಲ್ಲಿನ ತಳಕ್ಕ ಕರಿಕಲ್ಲು ಹತ್ತತದಲ್ಲ, ಅಲ್ಲಿ ನೀರ್ ಕುಂತಿರ್ತದ" ಅಂದರು. ಶಾಲೆ ಕಲಿಯದ ಹೆಂಗಸು ಹೇಳಿದ್ದು ಅಕ್ಷರಶಃ ಸರಿ ಎಂದು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಬೀದರ ನಿಂತಿರುವುದು ಕೆಂಪುಕಲ್ಲಿನ ಎತ್ತರದ ಬಯಲಿನ ಮೇಲೆ. ಮಳೆ ನೀರನ್ನು ಆ ಕಲ್ಲು ಜರಡಿಯ ಹಾಗೆ ಕೆಳಗೆ ಬಿಡುತ್ತದೆ. ಅಡಿಯ ಕರಿಕಲ್ಲು ತಡೆಯುತ್ತದೆ. ತಡೆದ ನೀರು ಪಕ್ಕಕ್ಕೆ ಸರಿದು ಬಯಲಿನ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ ಝಿರಾದ ನೀರೂ ಅದೇ, ಎದೆಮಟ್ಟ ನೀರಿನಲ್ಲಿ ನಡೆದು ದರ್ಶನ ಮಾಡುವ ನರಸಿಂಹ ಝರಣಿಯ ನೀರೂ ಅದೇ. ಬಹಮನಿಯವರು ಪರ್ಶಿಯಾದ ವಿದ್ಯೆ ತಂದು ನೌಬಾದಿನ ನೆಲದಡಿ ಕಾಲುವೆ ಕೊರೆಸಿದ್ದೂ ಈ ನೀರನ್ನು ಹಿಡಿಯಲಿಕ್ಕೆ. ಪುಸ್ತಕದಲ್ಲಿ ಅದನ್ನು ಕರೇಜ್ ಅನ್ನುತ್ತಾರೆ, ನಾವು ಸುರಂಗ ಬಾವಿ ಅನ್ನುತ್ತಿದ್ದೆವು. ಹೊಲಗಳ ನಡುವೆ ಸಾಲಾಗಿ ಬಾಯಿ ತೆರೆದ ಬಾವಿಗಳು. ಮಕ್ಕಳು ಕಲ್ಲು ಹಾಕಿ ಸದ್ದು ಕೇಳುತ್ತಿದ್ದರು, ನಾನು ಬೈದು ಎಳೆದು ತರುತ್ತಿದ್ದೆ. 2010ರ ದಶಕದಲ್ಲಿ ಅದರ ಹೂಳು ತೆಗೆಸತೊಡಗಿದಾಗ ದೂರದೂರದವರು ಬಂದು ಫೋಟೋ ಹೊಡೆದರು.

ಕಾಗದ ಪತ್ರದ ಕೆಲಸ ಬೇರೆಯೇ ಇತ್ತು. ಹಳೆಯ ದಸ್ತಾವೇಜು ಉರ್ದುವಿನಲ್ಲಿ. ನಮ್ಮನೆಯವರಿಗೆ ಉರ್ದು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮಾವನವರು ಇದ್ದಿದ್ದರೆ ಓದುತ್ತಿದ್ದರು. ಅವರು ಉರ್ದುವಿನ ಜೊತೆ ಭಾಲ್ಕಿಯ ಹಿರೇಮಠದಲ್ಲಿ ಕನ್ನಡವನ್ನೂ ಕಲಿತವರು. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸುತ್ತಿದ್ದ ಕಾಲ ಅದು. ಕೊನೆಗೆ ಒಬ್ಬ ಮುನ್ಶಿಯವರಿಗೆ ಹತ್ತು ರೂಪಾಯಿ ಕೊಟ್ಟು ಓದಿಸಿದೆವು. ಇನಾಮಿನ ಜಮೀನು ಅಲ್ಲ, ಗೈರಾಣ ಅಲ್ಲ, ಪಟ್ಟಾ ಜಮೀನೇ ಎಂದು ಅವರು ಮೂರು ಸಲ ಹೇಳಿದ ಮೇಲೆ ನಮ್ಮನೆಯವರು ಇಸಾರ ಕೊಟ್ಟರು. 501 ರೂಪಾಯಿ. ಎನ್.ಎ. ಆಗಿತ್ತೋ ಇಲ್ಲವೋ ಎಂದು ಕೇಳಬೇಕೆಂಬುದು ನಮಗೆ ಗೊತ್ತೇ ಇರಲಿಲ್ಲ. ಆಗಿತ್ತು, ನಮ್ಮ ಪುಣ್ಯ. ಪಕ್ಕದ ಹೊಲದಲ್ಲಿ ಅದೇ ವರ್ಷ ಪ್ಲಾಟು ಕೊಂಡ ಒಬ್ಬ ಪರಿಚಯದವರಿಗೆ ಆಗಿರಲಿಲ್ಲ. ಅವರು ಖಾತೆಗಾಗಿ ಹದಿನೈದು ವರ್ಷ ತಿರುಗಿದರು. ಈಗ ಯಾರಾದರೂ ನನ್ನ ಹತ್ತಿರ ಕೇಳಲು ಬಂದರೆ ಮೊದಲು ಕೃಷಿಯೇತರ ಆದೇಶದ ಪ್ರತಿ ತೋರಿಸು ಅನ್ನುತ್ತೇನೆ, ನೀರಿನ ಮಾತು ಆಮೇಲೆ.

ಉಳಿದ ದುಡ್ಡಿಗೆ ನನ್ನ ಪಾಟಲಿ ಹೋದವು. ಚಿನ್ನ ಆಗ ತೊಲೆಗೆ ಎರಡು ಸಾವಿರದ ಆಸುಪಾಸು. ಎರಡು ತೊಲೆಯ ಪಾಟಲಿಗೆ ಸವಕಲು ಕಳೆದು 3,800 ಬಂತು. ಉಳಿದದ್ದು ಭವಿಷ್ಯನಿಧಿಯ ಸಾಲ, ಅತ್ತಿಯ ಒಂದು ಹಸುವಿನ ದುಡ್ಡು. ದೇವಣಿ ತಳಿಯ ಹಸು, ಮೈಮೇಲೆ ಕಪ್ಪು ಬಿಳುಪಿನ ಮಚ್ಚೆ. ಪಾಟಲಿಗೆ ನಾನು ಅಳಲಿಲ್ಲ. ಹಸು ಮಾರಿದ ದಿನ ಅತ್ತಿ ಉಣ್ಣಲಿಲ್ಲ. ಪ್ಲಾಟಿನ ವಿರುದ್ಧ ಅಷ್ಟು ಮಾತಾಡಿದವರು, ಸೆರಗಿನ ಗಂಟು ಬಿಚ್ಚಿ ನೋಟು ಕೊಡುವಾಗ ಒಂದು ಮಾತೂ ಆಡಲಿಲ್ಲ.

ಕಟ್ಟಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಗೋಡೆಗೆ ಇಲ್ಲಿಯದೇ ಕೆಂಪುಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದಷ್ಟೂ ಗಟ್ಟಿಯಾಗುವ ಕಲ್ಲು ಅದು. ನೆಲಕ್ಕೆ ಶಹಾಬಾದ್ ಪರ್ಸಿ, ಬೂದು ಬಣ್ಣದ್ದು. ಪ್ಲಾಸ್ಟರು ಒಳಗಡೆ ಮಾತ್ರ. ಸಿಮೆಂಟಿಗೆ 1982ರಲ್ಲೇ ಅರ್ಧ ನಿಯಂತ್ರಣ ಎತ್ತಿದ್ದರು. ಪರ್ಮಿಟ್ಟಿನದು ಸಿಕ್ಕರೆ ಸೋವಿ, ಹೊರಗಿನದು ಚೀಲಕ್ಕೆ ಅರವತ್ತರ ಮೇಲೆ. ನಮಗೆ ಪರ್ಮಿಟ್ಟಿನಲ್ಲಿ ಸಿಕ್ಕಿದ್ದು ಇಪ್ಪತ್ತು ಚೀಲ. ಆ ಇಪ್ಪತ್ತೂ ಮಾಳಿಗೆಗೆ ಹೋದವು. ಎರಡು ಕೋಣೆ, ಒಂದು ಅಡಿಗೆಮನೆ, ಅಂಗಳದ ಮೂಲೆಗೆ ಬಚ್ಚಲು. 1986ರ ಯುಗಾದಿಗೆ ಹಾಲು ಉಕ್ಕಿಸಿದೆವು. ಹಸಿ ಸುಣ್ಣದ ವಾಸನೆ, ಕಂದೀಲಿನ ಎಣ್ಣೆಯ ವಾಸನೆ, ಹೊರಗೆ ಕಡಿದ ತೊಗರಿ ಕಟ್ಟಿಗೆಯ ವಾಸನೆ. ಕರೆಂಟು ಬರಲು ಏಳು ತಿಂಗಳಾಯಿತು. ಪ್ಲಾಟು ಮಾರಿದವರು ನಳ ಆರು ತಿಂಗಳಲ್ಲಿ ಬರುತ್ತದೆ ಅಂದಿದ್ದರು. ಬಂದದ್ದು ಹನ್ನೊಂದನೆಯ ವರ್ಷಕ್ಕೆ. ಅಷ್ಟೂ ವರ್ಷ ಆ ಇನ್ನೂರ ಹನ್ನೆರಡು ಹೆಜ್ಜೆ ನನ್ನವೇ.

ನಿಜ ಹೇಳಬೇಕೆಂದರೆ ನೌಬಾದ್ ನಮಗೆ ಕೂಡಿಬಂದದ್ದು ನೀರಿಗಿಂತಲೂ ಜೋಳದ ಚೀಲಕ್ಕೆ. ಭಾಲ್ಕಿಯ ಬಸ್ಸು ಊರೊಳಗೆ ಹೋಗುವ ಮೊದಲೇ ನಮ್ಮ ಕಡೆ ಹಾಯುತ್ತಿತ್ತು. ಸುಗ್ಗಿಯಾದ ಮೇಲೆ ಅತ್ತಿ ಮಾಲದಂಡಿ ಜೋಳದ ಚೀಲಕ್ಕೆ ಸುತ್ತಲಿ ಹಾಕಿ ಹೊಲಿದು ಬಸ್ಸಿನ ಮೇಲೆ ಹಾಕಿಸುತ್ತಿದ್ದರು. ಕಂಡಕ್ಟರು ನಮ್ಮ ರಸ್ತೆಯ ಬಾಯಿಗೆ ಬಂದಾಗ ಸೀಟಿ ಊದಿ, ಚೀಲ ಇಳಿಸಿ, "ಮಾಸ್ತರಬಾಯಿ, ನಿಮ್ಮ ಜ್ವಾಳ ಬಂದಾವ್ರೀ" ಎಂದು ಕೂಗುತ್ತಿದ್ದ. ವರ್ಷಕ್ಕೆ ನಾಲ್ಕು ಚೀಲ ಜೋಳ, ಒಂದು ಚೀಲ ತೊಗರಿ, ಉದ್ದು ಹೆಸರು ಅಷ್ಟಷ್ಟು. ಬಸ್ಸಿನ ದರ ನಾಲ್ಕು ರೂಪಾಯಿ, ಚೀಲಕ್ಕೆ ಎರಡು. ನಮ್ಮ ಪಗಾರ ಮನೆ ಕಟ್ಟಿತು, ನಮ್ಮ ಹೊಟ್ಟೆ ತುಂಬಿಸಿದ್ದು ಆ ಬಸ್ಸು. ಆಗ ನಮ್ಮ ಜೊತೆ ಹಳ್ಳಿ ಬಿಟ್ಟು ಬೀದರಕ್ಕೆ ಬಂದವರಲ್ಲಿ ಹಲವರು ಹೀಗೆಯೇ, ತಮ್ಮ ಊರಿನ ಬಸ್ಸು ಬರುವ ದಿಕ್ಕಿಗೆ ಮನೆ ಹುಡುಕಿಕೊಂಡರು. ಸೋವಿ ಅಂದರೆ ಪ್ಲಾಟಿನ ಬೆಲೆ ಮಾತ್ರ ಅಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ತವರಿನ ಕಡೆಯವರಿಗೆ ಈ ಅನುಕೂಲ ಇರಲಿಲ್ಲ. ಔರಾದಕ್ಕೆ ರೈಲಿಲ್ಲ. ಸಂತಪುರ, ಕೌಠಾ, ಮಾಂಜ್ರಾ ಹೊಳೆ, ಜನವಾಡಾ ದಾಟಿ ಬಸ್ಸು ಬೇರೆ ದಿಕ್ಕಿನಿಂದ ಬರುತ್ತಿತ್ತು. ಅಪ್ಪ ಕಳಿಸಿದ ಚೀಲವನ್ನು ನಮ್ಮನೆಯವರು ಬಸ್‌ಸ್ಟ್ಯಾಂಡಿನಿಂದ ಸೈಕಲ್ಲಿನ ಮೇಲೆ ತರುತ್ತಿದ್ದರು, ಹಿಂದಿನಿಂದ ಹಿಡಿದುಕೊಂಡು ನಾನು ನಡೆಯುತ್ತಿದ್ದೆ.

1993ರ ಸೆಪ್ಟೆಂಬರ್ 30ರ ನಸುಕಿಗೆ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ, ಮಾಡದಲ್ಲಿದ್ದ ಗಂಗಾಳಗಳು ತಾವೇ ಬಡಿದುಕೊಂಡವು. ಗಣಪತಿ ಕಳಿಸಿ ಬಂದು ಮಲಗಿದ ಮಂದಿ ಕಳ್ಳರು ಬಂದರೆಂದು ಎದ್ದರು. ಹೊರಗೆ ಓಡಿ ಬಂದಾಗ ಓಣಿಯೆಲ್ಲ ಹೊರಗಿತ್ತು. ಲಾತೂರ ಜಿಲ್ಲೆಯ ಕಿಲ್ಲಾರಿ ಎಂದು ಹೊತ್ತೇರಿದ ಮೇಲೆ ರೇಡಿಯೋ ಹೇಳಿತು. ಹತ್ತು ಸಾವಿರದ ಹತ್ತಿರ ಜನ ಸತ್ತರು. ಭೂಮಿಗಿಂತ ಹೆಚ್ಚು ಕೊಂದದ್ದು ಮನೆಗಳು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ವರ್ಷವರ್ಷ ಮಣ್ಣು ಹಾಕಿ ಭಾರವಾದ ಮಾಳಿಗೆ. ನಾವು ತಂಪು ಎಂದು ಹೊಗಳುತ್ತಿದ್ದ ಗೋಡೆಗಳೇ ಅವು. ನನ್ನ ತವರಿನ ಮನೆಯೂ ಅಂಥದ್ದೇ. ಅಪ್ಪ ಒಂದು ತಿಂಗಳು ಅಂಗಳದ ಹೊರಸಿನ ಮೇಲೆ ಮಲಗಿದರು, ಆಮೇಲೆ ಜಂತಿ ಇಳಿಸಿ ಪತ್ರಾ ಹಾಕಿಸಿದರು. ಹಳೆಯ ಮನೆಗಳು ಹೋದವಲ್ಲ ಎಂದು ಮರುಗುವವರನ್ನು ಕಂಡಾಗ ನನಗೆ ಆ ನಸುಕು ನೆನಪಾಗುತ್ತದೆ. ನಮ್ಮ ನೌಬಾದಿನ ಮನೆಗೆ ಬಾಗಿಲ ಮೇಲೆ ಒಂದು ಗೆರೆಯಷ್ಟು ಬಿರುಕು ಬಿದ್ದಿತ್ತು. ಇಂದಿಗೂ ಇದೆ.

ಮುಂದಿನದು ಬೇಗ ಬೇಗ ನಡೆಯಿತು. ತೊಗರಿ ಹೊಲಕ್ಕೆ ಮೊದಲು ಸೋಯಾ ಬಂತು, ಆಮೇಲೆ ಸುಣ್ಣ ಬಳಿದ ಕಲ್ಲುಗಳು ಬಂದವು. 2004ರಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಆಯಿತು. ಸಂವಿಧಾನದ 371ಜೆ ಕಲಮು ಬಂದ ಮೇಲೆ ನಮ್ಮ ಹುಡುಗರಿಗೆ ನೌಕರಿಯ ಬಾಗಿಲು ತೆರೆಯಿತು. 2017ರಲ್ಲಿ ಕಲಬುರಗಿಗೆ ರೈಲು, 2020ರಲ್ಲಿ ಬೆಂಗಳೂರಿಗೆ ವಿಮಾನ. ಎಮ್ಮೆ ಮಲಗಿದ್ದ ರಸ್ತೆಗೆ ಡಾಂಬರು ಬಂತು. ನಾನು ನೀರು ತಂದ ಬಾವಿಯನ್ನು ಮುಚ್ಚಿ ಯಾರೋ ಅಂಗಡಿ ಕಟ್ಟಿದರು. ಮಾಂಜ್ರಾ, ಕಾರಂಜಾದ ನೀರು ನಳದಲ್ಲಿ ಬಂದ ಮೇಲೆ ಆ ಬಾವಿಯ ಕಡೆ ಯಾರೂ ಹಾಯುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ. 2016ರ ಬೇಸಗೆಯಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತಲ್ಲ, ಆ ವರ್ಷ ನಮ್ಮ ಬೋರೂ ನಿಂತಿತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಾಗ ಮಾತ್ರ ಬಾವಿ ಇದ್ದ ಜಾಗದ ಕಡೆ ನೋಡಿದೆ.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳು ಕೊರಿಯಾದ ಸೀರಿಯಲ್ಲು ನೋಡುತ್ತಾಳೆ. ಅಲ್ಲಿಯವರೂ ಸಿಯೋಲಿನಲ್ಲಿ ಮನೆ ಕೊಳ್ಳಲಾರದೆ ಊರಾಚೆಯ ಅಗ್ಗದ ಬಡಾವಣೆ ಹುಡುಕುತ್ತಾರಂತೆ. ಬಾಡಿಗೆ ಕೊಡುವ ಬದಲು ಮಾಲೀಕರ ಕೈಗೆ ಒಂದೇ ಸಲ ದೊಡ್ಡ ಗಂಟು ಇಟ್ಟು, ಎರಡು ವರ್ಷ ಇದ್ದು, ಬಿಡುವಾಗ ಅದನ್ನು ವಾಪಸು ಪಡೆಯುತ್ತಾರಂತೆ. ಅದಕ್ಕೆ ಜೊನ್ಸೆ ಎಂದು ಹೆಸರು. ಬೆಂಗಳೂರಿನವರು ಭೋಗ್ಯ ಅನ್ನುವುದು ಅದನ್ನೇ ಅಲ್ಲವೇ ಎಂದೆ. ಅವಳಿಗೆ ಅಚ್ಚರಿಯಾಯಿತು. ಆ ಗಂಟು ಕೂಡಿಸಲು ಅಲ್ಲಿಯ ಗಂಡ ಹೆಂಡತಿ ಏನೇನು ಮಾರುತ್ತಾರೆ ಎಂದು ನಾನು ಕೇಳಿದೆ. ಸೀರಿಯಲ್ಲಿನಲ್ಲಿ ಅದನ್ನು ತೋರಿಸಿರಲಿಲ್ಲವಂತೆ.

ತಮ್ಮನ ಮಗನ ಜೊತೆ ಮೂರು ದಿನ ಕಾರಿನಲ್ಲಿ ತಿರುಗಿದೆ. ನಮ್ಮನೆಯವರು ತೀರಿಕೊಂಡು ಆರು ವರ್ಷ, ಇದ್ದಿದ್ದರೆ ಮುಂದಿನ ಸೀಟು ಅವರದು. ಹುಡುಗ ಶಾಲೆಯ ಶಿಕ್ಷಕ, ಹೆಂಡತಿ ನರ್ಸು. ಅವನ ಪ್ರಶ್ನೆಗಳು ಬೇರೆ. ರಸ್ತೆ ಮೂವತ್ತು ಅಡಿಯದೋ ನಲವತ್ತರದೋ, ಇ-ಖಾತಾ ಇದೆಯೋ, ಬ್ಯಾಂಕು ಸಾಲ ಕೊಡುತ್ತದೋ, ಇಂಗ್ಲಿಷ್ ಶಾಲೆಯ ಬಸ್ಸು ಬಾಗಿಲಿಗೆ ಬರುತ್ತದೋ. ನನ್ನ ಪ್ರಶ್ನೆಗಳಿಗಿಂತ ಅವು ಕಡಿಮೆಯವಲ್ಲ. ಅವನಿಗೆ ನೀರು ಹೊರುವ ಕೆಲಸವಿಲ್ಲ, ತಿಂಗಳ ಕಂತು ಹೊರುವ ಕೆಲಸವಿದೆ, ಇಪ್ಪತ್ತು ವರ್ಷ. ನಾನು ಒಂದು ಕಿವಿಮಾತು ಮಾತ್ರ ಹೇಳಿದೆ. ನಮ್ಮ ಕಾಲದಲ್ಲಿ ಪ್ಲಾಟು ಅಗ್ಗ, ದಾರಿ ಉದ್ದ. ಆ ದಾರಿ ನಡೆದವಳು ನಾನು. ಊರಾಚೆ ಅಗ್ಗ ಸಿಕ್ಕಿತೆಂದು ಓಡಬೇಡ, ರಾತ್ರಿ ಪಾಳಿ ಮುಗಿಸಿ ನಿನ್ನ ಹೆಂಡತಿ ಮನೆಗೆ ಹೇಗೆ ಬರುತ್ತಾಳೆ ಎಂದು ಮೊದಲು ಅವಳನ್ನು ಕೇಳು ಎಂದೆ. ಅವನು ಅಲ್ಲೇ ನಿಂತು ಅವಳಿಗೆ ಫೋನು ಮಾಡಿದ. ಎರಡು ಪ್ಲಾಟು ಆ ಫೋನಿನಲ್ಲೇ ಬಿದ್ದುಹೋದವು.

ಕೊನೆಗೆ ಚಿದ್ರಿಯ ಕಡೆಗೇ ತೆಗೆದುಕೊಂಡರು. ನಾವು ಐದು ರೂಪಾಯಿಯ ಚೀಟಿ ಹರಿದ ದಿಕ್ಕು. ಈಗ ವಿಮಾನ ನಿಲ್ದಾಣ ಅಲ್ಲಿ ಎಂಬ ಕಾರಣಕ್ಕೇ ದಲಾಲರು ಬೆಲೆ ಏರಿಸುತ್ತಾರೆ. ಮೂವತ್ತು ನಲವತ್ತು, ಫೂಟಿಗೆ 1,800, ಒಟ್ಟು ಇಪ್ಪತ್ತೊಂದು ಲಕ್ಷ ಅರವತ್ತು ಸಾವಿರ. ಸೊಸೆಗೆ ದವಾಖಾನೆ ಹತ್ತಿರ ಎಂಬುದು ಅವರ ಲೆಕ್ಕ, ನನಗೆ ಒಪ್ಪಿಗೆಯಾಯಿತು. ಪೂಜೆಯ ದಿನ ಜೆಸಿಬಿ ಮೊದಲ ಬಾರಿ ಹಲ್ಲೂರಿದಾಗ ಕೆಂಪು ಮಣ್ಣಿನ ಹಸಿ ವಾಸನೆ ಎದ್ದಿತು. ಬೋರು ಐನೂರು ಅಡಿಗೆ ಹೋದ ಮೇಲೆ ಎರಡಿಂಚು ನೀರು ಬಿದ್ದಿತು.

ಸಂಕ್ರಾಂತಿ ಕಳೆದ ಮೇಲೆ ತಮ್ಮ ಔರಾದದಿಂದ ಎರಡು ಚೀಲ ಜೋಳ ಟಂಟಂನಲ್ಲಿ ಹಾಕಿ ಕಳಿಸಿದ. ಹುಡುಗ ನಕ್ಷೆ ಹರಡಿಕೊಂಡು ನನ್ನ ಮುಂದೆ ಕುಳಿತಿದ್ದ. ಕಾರಿಗೆ ಜಾಗ, ಚಪ್ಪಲಿಗೆ ಜಾಗ, ವಾಷಿಂಗ್ ಮಷೀನಿಗೆ ಜಾಗ, ಎಲ್ಲಕ್ಕೂ ಗೆರೆ ಎಳೆದಿದ್ದರು. "ಆತ್ಯಾ, ಜ್ವಾಳ ಎಲ್ಲಿ ಇಡ್ಬೇಕು?" ಎಂದು ಕೇಳಿದ. ನಾನೂ ಕನ್ನಡಕ ಹಾಕಿಕೊಂಡು ಹುಡುಕಿದೆ, ಜಾಗ ಸಿಗಲಿಲ್ಲ. ಸದ್ಯಕ್ಕೆ ನಮ್ಮ ಮನೆಗೇ ಇಳಿಸು ಎಂದೆ. ಟಂಟಂನವನಿಗೆ ದಾರಿ ಹೇಳಲು ಹೊರಗೆ ಹೋಗಿ ನಿಂತೆ.